ಅರಿಶಿನ ದಾರದ ಎಳನೀರು

ನಮ್ಮ ನಯನಳಿಗೆ ಹಡಗಿನಲ್ಲಿ ಕೆಲಸ ಸಿಕ್ಕಿದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಇವತ್ತು ಬೆಳಿಗ್ಗೆ ಅವಳ ಫೋನಿಗೆ ಸುದ್ದಿ ಬಂತು. ನಾನು ಬಾಗಿಲ ಮುಂದೆ ಕಾಫಿ ಲೋಟ ಹಿಡಿದು ಕೂತಿದ್ದೆ. ಒಳಗಿಂದ ಓಡಿಬಂದವಳೇ ನನ್ನ ಕುತ್ತಿಗೆಗೆ ಜೋತುಬಿದ್ದಳು. ಕಾಫಿಯೆಲ್ಲ ಪಂಚೆ ಮೇಲೆ ಚೆಲ್ಲಿತು. ತೊಡೆ ಸುಟ್ಟಿದ್ದು ನನಗೆ ಗೊತ್ತಾದದ್ದೇ ಸ್ನಾನಕ್ಕೆ ಹೋದಾಗ.

ಕ್ರೂಸ್ ಹಡಗು ಅನ್ನುತ್ತಾರಂತೆ. ನಮ್ಮ ತುಮಕೂರಿನ ಬಸ್ ಸ್ಟ್ಯಾಂಡನ್ನು ಎತ್ತಿ ಅದರೊಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತದಂತೆ. ಒಳಗೇ ಹೋಟೆಲ್ಲು, ಒಳಗೇ ಈಜುಕೊಳ. ಮುಂಬೈಗೆ ಹೋಗಿ ಹತ್ತಬೇಕು. ಹಡಗು ಹತ್ತುವ ಬಾಗಿಲಲ್ಲಿ ನಿಂತು ಪ್ರಯಾಣಿಕರ ಸಾಮಾನು ನೋಡುವ ತಂಡದಲ್ಲಿ ನಮ್ಮ ಹುಡುಗಿ ಇರುತ್ತಾಳೆ. ಅಂದರೆ ನನ್ನ ಕೆಲಸವೇ. ನಾನು ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ, ಅವಳು ಸಮುದ್ರದ ಮೇಲೆ ನಿಲ್ಲುತ್ತಾಳೆ, ಅಷ್ಟೇ ವ್ಯತ್ಯಾಸ. ಹಾಲಿನವನಿಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ತಂದವನನ್ನು ಕೂರಿಸಿಕೊಂಡು ಹೇಳಿದೆ. ಅವನು ಪಾಪ, ಇನ್ನೂ ಬೇರೆ ಮನೆಗೆ ಹೋಗಬೇಕು ಯಜಮಾನ್ರೇ ಅಂದ.

ಆ ಹಡಗಿಗೂ ಒಂದು ಕಾನೂನಿದೆಯಂತೆ. ದೊಡ್ಡವರು ಹತ್ತುವ ದಿನ ತಲೆಗೊಂದು ವೈನ್ ಬಾಟಲಿ ಸ್ವಂತದ್ದು ತರಬಹುದು. ಅದನ್ನು ಊಟದ ಹಾಲಿನಲ್ಲಿ ತೆಗೆಸಿ ಕುಡಿದರೆ ತೆಗೆಸಿದ್ದಕ್ಕೆ ಬೇರೆ ಚಾರ್ಜು. ಅದಕ್ಕಿಂತ ಹೆಚ್ಚಿಗೆ ತಂದರೆ, ಬ್ರಾಂದಿ ವಿಸ್ಕಿ ತಂದರೆ, ಬಾಗಿಲಲ್ಲೇ ಇಸಿದುಕೊಂಡು, ಹೆಸರಿನ ಚೀಟಿ ಕಟ್ಟಿ ಇಟ್ಟು, ಕೊನೆಯ ದಿನ ಇಳಿಯುವಾಗ ವಾಪಸ್ ಕೊಡಬೇಕು. ಜನ ಸುಮ್ಮನಿರುತ್ತಾರೆಯೇ? ಶಾಂಪೂ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಾರಂತೆ, ಮಕ್ಕಳ ನೀರಿನ ಬಾಟಲಿಯಲ್ಲಿ ತರುತ್ತಾರಂತೆ. ಸಂದರ್ಶನದಲ್ಲಿ ಅದನ್ನೇ ಕೇಳಿದರು. ಹೀಗೆ ಬಚ್ಚಿಟ್ಟು ತಂದರೆ ನೀನೇನು ಮಾಡುತ್ತೀಯಮ್ಮ ಅಂತ. ನಮ್ಮ ನಯನ ಅವರಿಗೆ ಎಳನೀರಿನ ಕಥೆ ಹೇಳಿದಳು. ತನ್ನ ಕಂಡಕ್ಟರ್ ತಾತನ ಬಸ್ಸಿನಲ್ಲಿ ತನ್ನ ಡ್ರೈವರ್ ತಾತನಿಗೆ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಅವರ ಟೀ ಆರಿಹೋಯಿತಂತೆ.

ಅದನ್ನು ನೀನೇ ಬರಿ ತಾತ ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಟಿಕೆಟ್ ಹರಿದು ಹರಿದು ಅಕ್ಷರ ಕೈಗೆ ಹತ್ತಿತು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ತುಮಕೂರಿನ ಒಬ್ಬ ಮಾಲೀಕರ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಡ್ರೈವರ್ ಗಂಗಾಧರಣ್ಣ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ದುಡಿದು ದುಡಿದು ಬೀಗರಾದವರು. ಅವನ ಮಗಳು ಶೋಭಾಳನ್ನು ಹಿರೇಹಳ್ಳಿ ಫ್ಯಾಕ್ಟರಿಗೆ ಹೋಗುವ ನನ್ನ ಮಗ ಮಹೇಶನಿಗೆ ತಂದುಕೊಂಡೆವು. ನಯನ ಅವರ ಮಗಳು. ಆಗಿನ್ನೂ ಸ್ಕೂಲಿಗೆ ಎರಡು ಜಡೆ ಹಾಕಿಕೊಂಡು ಹೋಗುತ್ತಿದ್ದಳು.

ಬಸ್ಸಿನಲ್ಲಿ ಡ್ರೈವರ್ ಎಷ್ಟೇ ದೊಡ್ಡವನಾದರೂ ಕಂಡಕ್ಟರ್ ‘ರೈಟ್’ ಅನ್ನದೆ ಗಾಡಿ ಕದಲಿಸುವ ಹಾಗಿಲ್ಲ. ‘ಹೋಲ್ಡಾನ್’ ಅಂದರೆ ನಿಲ್ಲಿಸಬೇಕು. ಬಾಗಿಲಲ್ಲಿ ಯಾರ ಕಾಲಿದೆ, ಯಾರ ಸೆರಗು ಸಿಕ್ಕಿದೆ ಅನ್ನುವುದು ಹಿಂದೆ ನಿಂತವನಿಗೇ ಕಾಣುವುದು. ಗಂಗಾಧರಣ್ಣ ಈ ವಿಷಯದಲ್ಲಿ ದೇವರಂಥವನು. ಖಾಲಿ ಬಸ್ಸನ್ನು ಶೆಡ್ಡಿಗೆ ಹಾಕುವಾಗಲೂ ನನ್ನ ‘ರೈಟ್’ಗೆ ಕಾಯುತ್ತಿದ್ದ. ಇನ್ನೊಂದು ನೇಮ ಅವನದೇ. ಬಾಯಲ್ಲಿ ಹೆಂಡದ ವಾಸನೆ ಇರುವವನು ಸ್ಟೇರಿಂಗ್ ಮುಟ್ಟಬಾರದು. ಅವನ ತಮ್ಮ ಕುಡಿದು ಲಾರಿ ಓಡಿಸಿ, ಗುಬ್ಬಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ತಾಯಿಯನ್ನೂ ಅವಳ ಕೂಸನ್ನೂ ಅರೆದು, ತಾನೂ ಸತ್ತಿದ್ದ. ಆ ಕೂಸಿನ ಕಾಲ್ಗೆಜ್ಜೆಯನ್ನು ಟೈರಿನ ಸಂದಿಯಿಂದ ಬಿಡಿಸಿ ತೆಗೆದವನು ಗಂಗಾಧರಣ್ಣನೇ. ಅವತ್ತಿನಿಂದ ಅವನು ಕೆಮ್ಮಿಗೆ ಸಿರಪ್ ಕೂಡ ಕುಡಿದವನಲ್ಲ.

ಆ ಬೇಸಿಗೆಯಲ್ಲಿ ಸಿ.ಎಸ್. ಪುರದ ಹತ್ತಿರದ ಹಳ್ಳಿಯಿಂದ ಅಮೃತೂರಿಗೆ ಒಂದು ಮದುವೆ ದಿಬ್ಬಣ ಒಪ್ಪಿಕೊಂಡೆವು. ಸ್ಪೆಷಲ್ ಅನ್ನುತ್ತೇವೆ, ಟಿಕೆಟ್ ಇಲ್ಲ, ಬಸ್ಸು ಪೂರ್ತಿ ಅವರದು. ಹೆಣ್ಣಿನ ತಂದೆ ಮಠದ ಭಕ್ತರು. ಕುಡಿದವನು ಒಬ್ಬನೇ ಒಬ್ಬ ಚಪ್ಪರದೊಳಗೆ ಕಾಲಿಟ್ಟರೂ ಮಗಳನ್ನು ಹಸೆಮಣೆಗೆ ಕರೆತರುವುದಿಲ್ಲ ಅಂತ ನಿಶ್ಚಿತಾರ್ಥದ ದಿನವೇ ಹೇಳಿದ್ದರಂತೆ. ಗಂಡಿನ ತಾಯಿ ಜಯಮ್ಮ ಇದನ್ನು ಬಸ್ ಹತ್ತುವ ಮುಂಚೆ ನನಗೆ ತಿಳಿಸಿ, ಸ್ವಲ್ಪ ನೋಡಿಕೊಳ್ಳಿ ಅಂತ ಕೈ ಮುಗಿದಳು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ. ಆ ಮಗ ಲೋಕೇಶ ತಲೆಗೆ ಪೇಟ ಸುತ್ತಿಸಿಕೊಂಡು ಮುಂದಿನ ಸೀಟಿನಲ್ಲಿ ಬೆವರುತ್ತಾ ಕೂತಿದ್ದ.

ನಾನು ಬಾಗಿಲಲ್ಲಿ ನಿಂತು ಒಂದೊಂದು ಬ್ಯಾಗನ್ನೂ ಎತ್ತಿ ಅಲ್ಲಾಡಿಸಿ ಬಿಟ್ಟೆ. ಒಬ್ಬನ ಟಿಫನ್ ಕ್ಯಾರಿಯರ್‌ನಲ್ಲಿ ಕ್ವಾರ್ಟರ್ ಬಾಟಲಿ ಸಿಕ್ಕಿತು. ಮನೆಯಲ್ಲಿಟ್ಟು ಬಾ ಅಂತ ವಾಪಸ್ ಕಳಿಸಿದೆ. ಕೊನೆಗೆ ಬಂದವನು ಜಯಮ್ಮನ ತಮ್ಮ, ಮದುಮಗನ ಸೋದರಮಾವ ಕೆಂಪರಾಜು. ಅವನ ಹಿಂದೆ ಇಬ್ಬರು ಗೆಳೆಯರು, ಭುಜದ ಮೇಲೆ ಎಳನೀರಿನ ಮೂಟೆ. ಮೂಟೆಯ ಬಾಯಲ್ಲಿ ಒಂದು ಮಚ್ಚು ಸಿಕ್ಕಿಸಿತ್ತು.

“ಕಂಡಕ್ಟ್ರೇ, ನಮ್ ಬಾಯಿಗಂತೂ ಬೀಗ ಜಡಿದ್ರಿ,” ಅಂದ ಕೆಂಪರಾಜು. “ಎಳ್ನೀರಾದ್ರೂ ಬುಡ್ತೀರೋ, ಅದ್ಕೂ ಟಿಕೆಟ್ ಹರೀತೀರೋ?”

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ನಮ್ಮ ಕಡೆ ಬೇಸಿಗೆ ಮದುವೆಗೆ ಎಳನೀರು ಹೊರುವುದು ಹೊಸದಲ್ಲ. ಎಳನೀರು ಅಂದಮೇಲೆ ಕೆತ್ತುವುದಕ್ಕೆ ಮಚ್ಚು ಬೇಕೇ ಬೇಕು. ಮೂಟೆ ಹಿಂದಿನ ಸೀಟಿನ ಕೆಳಗೆ ಹೋಯಿತು. ಎಲ್ಲರೂ ಕೂತ ಮೇಲೆ ‘ರೈಟ್’ ಅಂದೆ.

ಕುಣಿಗಲ್ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಒಂದು ಕೆರೆಯ ಏರಿ ಮೇಲೆ ಹೋಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಮೂರಾಳು ಆಳದಲ್ಲಿ ತೆಂಗಿನ ತೋಟ. ಏರಿಯ ತಲೆಯಲ್ಲಿ ಚೌಡಮ್ಮನ ಗುಡಿ. ದಿಬ್ಬಣ ಅಲ್ಲಿ ನಿಂತು ಕಾಯಿ ಒಡೆದು ಮುಂದೆ ಹೋಗಬೇಕು. ನಿಲ್ಲಿಸಿದೆವು. ಹೆಂಗಸರು ಇಳಿದು ಪೂಜೆ ಮಾಡಿದರು. ಕೆಂಪರಾಜು ಮತ್ತು ಗೆಳೆಯರು ಮುಖ ತೊಳೆಯುತ್ತೇವೆ ಅಂತ ಕೆರೆಗೆ ಇಳಿದರು. ಬಗಲಲ್ಲಿ ಎರಡೆರಡು ಎಳನೀರು ಇದ್ದವು.

ಪೂಜೆಯಾದ ಮೇಲೆ ಡ್ರೈವರ್‌ಗೆ ಮೊದಲ ಎಳನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಇಷ್ಟು ಜನರ ಜೀವ ಅವನ ಕೈಯಲ್ಲಿ ಇರುತ್ತದಲ್ಲ, ಅದಕ್ಕೆ. ಜಯಮ್ಮ ಹಿಂದೆ ಹೋಗಿ ಮೂಟೆ ಬಿಚ್ಚಿದಳು. ಕೆಲವು ಎಳನೀರಿನ ತೊಟ್ಟಿಗೆ ಅರಿಶಿನ ದಾರ ಸುತ್ತಿತ್ತು. ದೇವರಿಗೆ ಅಂತ ತಮ್ಮ ಬೇರೆ ತೆಗೆದಿಟ್ಟಿದ್ದಾನೆ, ಅದರಲ್ಲೇ ಒಂದನ್ನು ಕೊಟ್ಟರೆ ಇನ್ನೂ ಚೆಂದ ಅಂದುಕೊಂಡಳು ಆ ತಾಯಿ. ಎರಡು ಕೈಯಲ್ಲಿ ಹಿಡಿದು ತಂದಳು. ನಾನೇ ಮಚ್ಚು ತೆಗೆದು ತಲೆ ಹಾರಿಸಿ ಕೊಟ್ಟೆ. ಗಂಗಾಧರಣ್ಣ ಬಿಸಿಲಲ್ಲಿ ಬಳಲಿದ್ದ. ಎತ್ತಿ ಗಟಗಟ ಎರಡು ಗುಟುಕು ಇಳಿಸಿದ.

ಮೂರನೆಯದು ಇಳಿಯಲಿಲ್ಲ. ಗಾಜಿನ ಮೇಲೆಲ್ಲ ಉಗುಳಿದ. ಕಣ್ಣು ಕೆಂಪಗಾಯಿತು. ಬಸ್ಸಿನ ಮುಂಭಾಗವೆಲ್ಲ ಬ್ರಾಂದಿ ಅಂಗಡಿಯ ಹಾಗೆ ನಾತ ಹೊಡೆಯಿತು.

“ಯಾರವ್ವ ಇದ್ಕೆ ಹಾಕಿದ್ದು?” ಅಂದ. ಕೂಗಲಿಲ್ಲ, ಮೆಲ್ಲಗೆ ಕೇಳಿದ.

ಜಯಮ್ಮನ ಮುಖದಲ್ಲಿ ಜೀವವಿರಲಿಲ್ಲ. “ದಾರ ಕಟ್ಟಿತ್ತು ಕಣಣ್ಣ. ದೇವ್ರದ್ದು ಅನ್ಕಂಡೆ,” ಅಂದಳು.

ಆಮೇಲೆ ಪೊಲೀಸರ ಮುಂದೆ ಹೊರಬಿದ್ದ ಸಂಗತಿ ಇದು. ದನಕ್ಕೆ ಚುಚ್ಚುವ ದೊಡ್ಡ ಸಿರಿಂಜಿನಿಂದ, ತೊಟ್ಟಿನ ಕೆಳಗಿನ ಮೆತ್ತಗಿನ ಕಣ್ಣಿನಲ್ಲಿ ನೀರು ಎಳೆದು ಬ್ರಾಂದಿ ತುಂಬಿದ್ದರು. ತೊಟ್ಟು ಕಳಚಿ ಬೀಳದಿರಲಿ, ಗುರುತೂ ಸಿಗಲಿ ಅಂತ ದಾರ ಕಟ್ಟಿದ್ದರು. ತೊಟ್ಟು ಕಿತ್ತು ಕಣ್ಣು ಚುಚ್ಚಿದರೆ ಕುಡಿಯಲು ಮಚ್ಚೂ ಬೇಕಿರಲಿಲ್ಲ. ಮದುವೆ ಮನೆಯಲ್ಲಿ ಕೈಗೆ ಸಿಕ್ಕಿದ ದಾರ ಅರಿಶಿನದ್ದು.

ಗಂಗಾಧರಣ್ಣ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ. ಕೀ ಎಳೆದು ಮುಷ್ಟಿಯಲ್ಲಿ ಹಿಡಿದು ಇಳಿದು, ಗುಡಿಯ ಮುಂದಿನ ಹೊಂಗೆ ಮರದಡಿ ಕೂತ. “ಬೀಗ್ರೇ, ನಂಗೆ ಇವತ್ತು ರೈಟ್ ಅನ್ಬೇಡಿ. ಬಾಯಿಗೆ ಬಿದ್ದೋಯ್ತು. ಇನ್ನು ಸ್ಟೇರಿಂಗ್ ಮುಟ್ಟಕಿಲ್ಲ,” ಅಂದ.

ಎರಡು ಗುಟುಕಿಗೆ ಏನೂ ಆಗುವುದಿಲ್ಲ ಅಂತ ಯಾರೋ ಅಂದರು. ಅವನು ಅವರ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅವನ ಮನಸ್ಸು ಗೊತ್ತು, ಎರಡನೇ ಸಲ ಕೇಳಲಿಲ್ಲ. ಮಾಲೀಕರಿಗೆ ಫೋನ್ ಮಾಡಿದೆ. ಕುಣಿಗಲ್‌ನಲ್ಲಿ ನಮ್ಮದೇ ಇನ್ನೊಬ್ಬ ಡ್ರೈವರ್ ಇದ್ದಾನೆ, ಬೈಕಿನಲ್ಲಿ ಈಗಲೇ ಕಳಿಸುತ್ತೇನೆ ಅಂದರು. ಮುಹೂರ್ತಕ್ಕೆ ತೊಂದರೆಯಿಲ್ಲ ಅಂತ ಎಲ್ಲರಿಗೂ ಹೇಳಿದೆ. ಜನ ಸಮಾಧಾನವಾಗಿ ಬಸ್ಸಿನೊಳಗೆ ಹೋಗಿ ಕೂತರು. ಮಕ್ಕಳು ನಿದ್ದೆ ಹೋದವು. ಅಲ್ಲಿಗೇ ಮುಗಿಯಬೇಕಿತ್ತು.

ಕೆರೆಯಿಂದ ಮೂವರೂ ಮೇಲೆ ಬಂದರು. ಕಾಲು ನೆಲದಲ್ಲಿರಲಿಲ್ಲ. ಡ್ರೈವರ್ ಹೊರಗೆ ಕೂತದ್ದು ಯಾಕೆ ಅಂತ ಕೇಳಿದ ಕೆಂಪರಾಜುವಿಗೆ ಅಕ್ಕನೇ ಎದುರು ನಿಂತು ಉಗಿದು ಬಸ್ಸು ಹತ್ತಿ ಕೂತಳು. ಅಷ್ಟು ಜನರೆದುರು ಉಗಿಸಿಕೊಂಡದ್ದು ಅವನ ತಲೆಗೆ ಏರಿತು. ನೇರ ಮರದಡಿಗೆ ಬಂದ.

“ಏನ್ಲಾ, ನಮ್ ದುಡ್ಡಲ್ಲಿ ನಮ್ ಎಳ್ನೀರು ನಾವು ತಂದ್ರೆ ನಿಂದೇನ್ಲಾ ಪಂಚಾಯ್ತಿ? ಏಳ್ಲಾ ಮೇಲೆ.”

ಗಂಗಾಧರಣ್ಣ ಏಳಲಿಲ್ಲ. ಬೇರೆ ಡ್ರೈವರ್ ಬರುತ್ತಿದ್ದಾನೆ ಅಂತ ನಾನು ನಡುವೆ ಹೋದೆ. ಕೆಂಪರಾಜು ನನ್ನ ಕಪಾಳಕ್ಕೆ ಹೊಡೆದ. ಕಿವಿಯೊಳಗೆ ಜೀರುಂಡೆ ಕೂಗಿದ ಹಾಗಾಯಿತು. ಅವನ ಗೆಳೆಯನೊಬ್ಬ ಕೈಯಲ್ಲಿದ್ದ ಎಳನೀರನ್ನು ಬೀಸಿ ಗಂಗಾಧರಣ್ಣನ ಬಾಯಿಗೆ ಹೊಡೆದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಗಂಗಾಧರಣ್ಣ ರಕ್ತದ ಜೊತೆ ಹಲ್ಲು ಉಗಿದು, ಮುಷ್ಟಿಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ಮುದುರಿ ಬಿದ್ದ. ಗೆಳೆಯರಿಬ್ಬರೂ ಸೇರಿ ಪಕ್ಕೆಗೆ, ಬೆನ್ನಿಗೆ, ಸೊಂಟಕ್ಕೆ ಒದ್ದರು. ನಾನು ಒಬ್ಬನ ಕಾಲು ಹಿಡಿದು ಎಳೆದೆ. ಅವನು ಬಿದ್ದ, ನನ್ನ ಮೇಲೇ ಬಿದ್ದ, ನನ್ನ ಭುಜವನ್ನು ನಾಯಿ ಕಚ್ಚಿದ ಹಾಗೆ ಕಚ್ಚಿದ. ಆ ಗುರುತು ಈಗಲೂ ಇದೆ.

ಅಷ್ಟರಲ್ಲಿ ಕೆಂಪರಾಜು ಬಸ್ಸಿನೊಳಗೆ ಹೋಗಿ ಮಚ್ಚು ತಂದಿದ್ದ. ಬಿಡಿಸಲು ಇಳಿಯುತ್ತಿದ್ದ ಗಂಡಸರು ಅದನ್ನು ನೋಡಿ ಬಸ್ಸಿನೊಳಕ್ಕೇ ಸರಿದರು. ನನ್ನ ಕೂದಲು ಹಿಡಿದು ಎತ್ತಿ ಕೂರಿಸಿ, ಅದರ ಅಲಗನ್ನು ನನ್ನ ಗಂಟಲಿಗೆ ಒತ್ತಿದ. ಎಳನೀರಿನ ಸಿಪ್ಪೆ ಇನ್ನೂ ಅದಕ್ಕೆ ಅಂಟಿತ್ತು.

“ರೈಟ್ ಅನ್ಲಾ. ನೀನು ಅಂದ್ರೆ ಅವ್ನು ಹತ್ತಾನೆ. ಅನ್ಲಾ.”

ಗಂಟಲಿನಿಂದ ಬಿಸಿ ಬಿಸಿಯಾಗಿ ಏನೋ ಎದೆಗೆ ಇಳಿಯುತ್ತಿತ್ತು. ನಾನು ದಿನಕ್ಕೆ ನೂರು ಸಲ ಅನ್ನುತ್ತಿದ್ದ ಮಾತು ಅದು. ಬಾಯಿ ತೆರೆದರೆ ಅಲಗು ಇನ್ನೂ ಒಳಗೆ ಹೋಗುತ್ತದೆ ಅನ್ನುವ ಭಯವೋ, ಏನೋ, ಮಾತು ಬರಲಿಲ್ಲ. ಗಂಗಾಧರಣ್ಣ ನೆಲದಿಂದ ತಲೆ ಎತ್ತಿ ನೋಡಿದ. ಬಾಯಿ ರಕ್ತದ ಮುದ್ದೆಯಾಗಿತ್ತು.

“ಅವ್ನ್ನ ಬುಡು. ಕೀ ನನ್ತಾವ ಅದೆ,” ಅಂದ.

ಮುಷ್ಟಿಯನ್ನು ಹೊರಗೆ ತೆಗೆದು ತೋರಿಸಿದ. ಕೊಡುವುದಕ್ಕಲ್ಲ, ನನ್ನ ಗಂಟಲಿಂದ ಮಚ್ಚು ಬಿಡಿಸುವುದಕ್ಕೆ. ಕೆಂಪರಾಜು ನನ್ನನ್ನು ಬಿಟ್ಟು ಅಲ್ಲಿಗೆ ಹೋದ. ಕೊಡು ಅಂದ. ಗಂಗಾಧರಣ್ಣ ಮುಷ್ಟಿ ಬಿಗಿ ಮಾಡಿದ. ಕೆಂಪರಾಜು ಆ ಕೈಯನ್ನು ಹೊಂಗೆಯ ಬೇರಿನ ಮೇಲೆ ಕಾಲಲ್ಲಿ ಮೆಟ್ಟಿ ಹಿಡಿದು, ಕಾಯಿ ಕೆತ್ತುವ ಹಾಗೆ ಹೊಡೆದ. ಒಂದು ಏಟಿಗೆ ಗಂಗಾಧರಣ್ಣ ಮುಷ್ಟಿ ಬಿಡಲಿಲ್ಲ. ಇನ್ನೊಂದು ಹೊಡೆದ. ಬೆರಳು ತಾನಾಗಿ ಬಿಚ್ಚಿಕೊಂಡಿತು. ಕೀ ರಕ್ತದಲ್ಲಿ ಜಾರಿ ಬಿತ್ತು.

ಗಂಗಾಧರಣ್ಣ ಕೂಗಿದ್ದನ್ನು ನಾನು ಬರೆಯುವುದಿಲ್ಲ. ಶೋಭಾ ಇದನ್ನು ಓದುತ್ತಾಳೆ.

ಕೆಂಪರಾಜು ಕೀಯನ್ನು ಬಿಳಿ ಪ್ಯಾಂಟಿಗೆ ಒರೆಸಿಕೊಂಡು ಡ್ರೈವರ್ ಸೀಟಿಗೆ ಹತ್ತಿದ. ಅವನಿಗೆ ಟ್ರ್ಯಾಕ್ಟರ್ ಓಡಿಸಿ ಗೊತ್ತಿತ್ತು, ಬಸ್ಸಲ್ಲ. ಎಂಜಿನ್ ಒದರಿತು. ಬಸ್ಸು ಒಮ್ಮೆ ನೆಗೆದು ಮುಂದಕ್ಕೆ ಹೋಯಿತು. ಒಳಗೆ ನಿದ್ದೆ ಮಾಡುತ್ತಿದ್ದ ಮಕ್ಕಳು, ಮುದುಕಿಯರು, ಬಸುರಿಯೊಬ್ಬಳು, ಎಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಈ ಕಡೆ ನನ್ನ ಬೀಗ, ನನ್ನ ಸೊಸೆಯ ತಂದೆ, ರಕ್ತ ಸುರಿಸಿಕೊಂಡು ಬಿದ್ದಿದ್ದಾನೆ. ಆ ಕಡೆ ಬಸ್ಸು ಏರಿಯ ಮೇಲೆ ಹೊರಟಿದೆ. ನಾನು ಅವನ ಕಡೆ ಬಗ್ಗಿದೆ. ಅವನು ನೆಟ್ಟಗಿದ್ದ ಕೈಯಿಂದ ನನ್ನನ್ನು ನೂಕಿದ, ಬಸ್ಸಿನ ಕಡೆಗೆ. ಓಡಿದೆ.

ಹಿಂಬಾಗಿಲ ಕಂಬಿ ಸಿಕ್ಕಿತು. ಕಾಲು ರಸ್ತೆಯಲ್ಲಿ ಎಳೆದುಕೊಂಡೇ ಹೋಗಿ ಮೇಲೆ ಹತ್ತಿದೆ. ‘ಹೋಲ್ಡಾನ್’ ಅಂತ ಎದೆ ಒಡೆಯುವ ಹಾಗೆ ಕೂಗಿದೆ. ನನ್ನ ಜೀವಮಾನದಲ್ಲಿ ಆ ಮಾತಿಗೆ ನಿಲ್ಲದ ಬಸ್ಸು ಅದೊಂದೇ. ನೀರಿನ ಕಡೆಯ ಕಲ್ಲುಕಂಬಗಳನ್ನು ಬಸ್ಸು ಒಂದೊಂದಾಗಿ ಉರುಳಿಸುತ್ತಿತ್ತು. ಕಿಟಕಿ ಗಾಜು ಒಡೆದು ಒಳಗೆ ಸುರಿಯಿತು. ಒಬ್ಬ ಅಜ್ಜಿಯ ಕೆನ್ನೆ ಸೀಳಿತು. ಲೋಕೇಶ ತನ್ನ ಮಾವನ ತೋಳು ಹಿಡಿದು ಎಳೆಯುತ್ತಿದ್ದ. ಕೆಂಪರಾಜು ಮೊಣಕೈಯಿಂದ ಅವನ ಮೂಗಿಗೆ ಗುದ್ದಿದ. ಮದುಮಗನ ಬಿಳಿ ಅಂಗಿ ಕೆಂಪಾಯಿತು, ಪೇಟ ಹಾರಿ ಗೇರ್ ರಾಡಿನ ಮೇಲೆ ಬಿತ್ತು. ಬಸ್ಸು ನೀರು ಬಿಟ್ಟು ತೋಟದ ಕಡೆಗೆ ತಿರುಗಿತು.

ಆಗ ಡ್ರೈವರ್ ಸೀಟಿನ ಹಿಂದೆ ಇದ್ದ ಜಯಮ್ಮ ಎದ್ದು ನಿಂತಳು. ಮಗನ ಮದುವೆಗೆ ಅಂತ ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನು ತಮ್ಮನ ಕುತ್ತಿಗೆಗೆ ಎರಡು ಸುತ್ತು ಹಾಕಿದಳು. ಸೀಟಿನ ಬೆನ್ನಿಗೆ ಎರಡು ಕಾಲನ್ನೂ ಒತ್ತಿ ಕೊಟ್ಟು ಹಿಂದಕ್ಕೆ ಬಿದ್ದಳು. ತಾನು ಎತ್ತಿ ಆಡಿಸಿದ ತಮ್ಮ. ಅವನ ನಾಲಗೆ ಹೊರಗೆ ಬಂತು. ಕಾಲು ಪೆಡಲಿನಿಂದ ಎದ್ದು ಒದ್ದಾಡಿತು. ಕೈ ಸ್ಟೇರಿಂಗ್ ಬಿಟ್ಟು ಸೆರಗನ್ನು ಪರಚಿತು. ಅವಳು ಬಿಡಲಿಲ್ಲ. ಅಳುತ್ತಿದ್ದಳು, ಎಳೆಯುತ್ತಿದ್ದಳು. ನಾನು ಜನರ ಮೇಲೇ ತುಳಿದುಕೊಂಡು ಮುಂದೆ ಹೋಗಿ ಸ್ಟೇರಿಂಗ್ ಕೆರೆಯ ಕಡೆಗೆ ಒತ್ತಿ ಹ್ಯಾಂಡ್ ಬ್ರೇಕ್ ಎಳೆದೆ. ಬಸ್ಸು ಕಿರುಚಿ ನಿಂತಿತು. ಮುಂದಿನ ಎಡಗಾಲಿ ಏರಿಯ ಆಚೆ ಗಾಳಿಯಲ್ಲಿ ತಿರುಗುತ್ತಿತ್ತು. ಕೆಳಗೆ ತೆಂಗಿನ ಗರಿಗಳು ಕಾಣುತ್ತಿದ್ದವು.

ಸೀರೆಯ ಸೆರಗನ್ನು ಅವಳ ಕೈಯಿಂದ ಬಿಡಿಸಲು ಮೂವರು ಹೆಂಗಸರು ಬೇಕಾಯಿತು. ಕೆಂಪರಾಜು ಸಾಯಲಿಲ್ಲ. ಬಾಗಿಲಲ್ಲಿ ವಾಂತಿ ಮಾಡುತ್ತಾ ಬಿದ್ದಿದ್ದ. ಸದ್ದು ಕೇಳಿ ತೋಟದಿಂದ ಮೇಲೆ ಬಂದವರು ಅವನನ್ನೂ ಗೆಳೆಯರನ್ನೂ ಹಿಡಿದು ಹೊಂಗೆ ಮರಕ್ಕೆ ಕಟ್ಟಿದರು. ಗಂಗಾಧರಣ್ಣನ ಕೈ ನೋಡಿದ ಮೇಲೆ ಅವರೂ ಮನುಷ್ಯರಾಗಿ ಉಳಿಯಲಿಲ್ಲ. ತೆಂಗಿನ ಹೆಡೆಮಟ್ಟೆಯಲ್ಲಿ ಬಡಿದರು. ಪೊಲೀಸರು ಬಂದಾಗ ಆ ಮೂವರಿಗೆ ನಿಲ್ಲುವ ಶಕ್ತಿ ಇರಲಿಲ್ಲ. ನಾನು ತಡೆಯಲು ಹೋಗಲಿಲ್ಲ, ನನಗೆ ಬೇರೆ ಕೆಲಸವಿತ್ತು.

ಮದುಮಗ ತನ್ನ ಶಲ್ಯ ಕೊಟ್ಟ. ಅದರಲ್ಲಿ ಗಂಗಾಧರಣ್ಣನ ಕೈಯನ್ನು ಬಿಗಿಯಾಗಿ ಸುತ್ತಿದೆವು. ಮಾಲೀಕರು ಕಳಿಸಿದ ಡ್ರೈವರ್ ಆಗ ಬೈಕಿನಲ್ಲಿ ಬಂದು ನಿಂತ. ಅವನು ಹೆಲ್ಮೆಟ್ ತೆಗೆದವನೇ ರಸ್ತೆಗೆ ಓಡಿ ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದ. ತರಕಾರಿ ಸಾಗಿಸುವ ಒಂದು ಗೂಡ್ಸ್ ಆಟೋ ಸಿಕ್ಕಿತು. ಅದರಲ್ಲಿ ಗಂಗಾಧರಣ್ಣನ ತಲೆ ನನ್ನ ತೊಡೆಯ ಮೇಲೆ, ನನ್ನ ಗಂಟಲಿನ ರಕ್ತ ಅವನ ಹಣೆಯ ವಿಭೂತಿ ಮೇಲೆ. ಆಟೋದವನು ಎಲ್ಲರೂ ಹತ್ತಿದ್ದಾರೋ ಅಂತ ಹಿಂದಕ್ಕೆ ನೋಡುತ್ತಿದ್ದ. ಗಂಗಾಧರಣ್ಣ ಕಣ್ಣು ತೆರೆದು ತೊದಲಿದ: “ರೈಟ್ ಅನ್ನಿ ಬೀಗ್ರೇ. ಇವ್ನು ಕುಡ್ದಿಲ್ಲ.”

ರೈಟ್ ಅಂದೆ. ಅಂದ ಮೇಲೆ ಕುಣಿಗಲ್ ಬರುವವರೆಗೂ ಅತ್ತೆ.

ಕುಣಿಗಲ್ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದರು, ತುಮಕೂರಿನಲ್ಲಿ ಆಪರೇಷನ್ ಮಾಡಿದರು. ಜೀವ ಉಳಿಯಿತು, ಕೈಯೂ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಸ್ಟೇರಿಂಗ್ ಹಿಡಿಯುವ ಕೆಲಸ ಅವತ್ತಿಗೇ ಮುಗಿಯಿತು. ಮಾಲೀಕರು ದೊಡ್ಡ ಮನಸ್ಸು ಮಾಡಿ ಶೆಡ್ಡಿನಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು.

ಮದುವೆಯ ವಿಷಯ ಕೇಳುತ್ತೀರಿ. ಜಯಮ್ಮ ಹರಿದ ಸೆರಗಿನಲ್ಲೇ ಬೇರೆ ಗಾಡಿ ಹಿಡಿದು ಅಮೃತೂರಿಗೆ ಹೋಗಿ ಹೆಣ್ಣಿನ ತಂದೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳಂತೆ. ಬೇಡ ಅಂದರೆ ವಾಪಸ್ ಹೋಗುತ್ತೇವೆ ಅಂದಳಂತೆ. ಆ ಯಜಮಾನರು ಅವಳ ಕೈ ನೋಡಿದರು. ರೇಷ್ಮೆ ಕೊಯ್ದು ಎರಡು ಅಂಗೈಗಳೂ ಹುಣ್ಣಾಗಿದ್ದವು. ಸಂಜೆ ಗೋಧೂಳಿಗೆ ಧಾರೆಯಾಯಿತು. ಸೋದರಮಾವನ ಶಾಸ್ತ್ರಗಳನ್ನೆಲ್ಲ ಹೆಣ್ಣಿನ ಕಡೆಯವರೇ ಯಾರೋ ನಿಂತು ಮಾಡಿದರು. ಕೆಂಪರಾಜು ಜೈಲಿಗೆ ಹೋದ. ಅಕ್ಕನೇ ಸಾಕ್ಷಿ ಹೇಳಿದಳು.

ಗಂಟಲ ಗಾಯ ಒಣಗಿದ ಮೇಲೆ ನಾನು ಮತ್ತೆ ಕೆಲಸಕ್ಕೆ ಹೋದೆ. ಇನ್ನು ಮೇಲೆ ಎಳನೀರು, ಕಾಯಿ, ಟಿಫನ್, ಎಲ್ಲವನ್ನೂ ಒಡೆದು ನೋಡಿ ಹತ್ತಿಸು ಅಂದರು ಜೊತೆಯವರು. ನನಗೆ ಅದು ಸರಿ ಬೀಳಲಿಲ್ಲ. ಬಾಟಲಿ ಹತ್ತಬಾರದು ಅಂತ ನಾವು ಬಾಗಿಲಲ್ಲಿ ಕೂಗಿದಷ್ಟೂ ಅದು ಬೇರೆ ವೇಷ ಹಾಕಿಕೊಂಡು ಹತ್ತುತ್ತದೆ. ಅವತ್ತು ಅದು ಬಾಟಲಿಯಾಗಿ ಹತ್ತಿದ್ದರೆ ಜಯಮ್ಮ ಅದನ್ನು ಡ್ರೈವರ್ ಕೈಗೆ ಕೊಡುತ್ತಿರಲಿಲ್ಲ.

ಬಾಗಿಲ ಪಕ್ಕದಲ್ಲಿ ಒಂದು ಸೋಡಾ ಕ್ರೇಟ್ ಇಟ್ಟುಕೊಂಡೆ. ಸ್ಪೆಷಲ್ ಹತ್ತುವ ಗಂಡಸರಿಗೆ ಹೇಳುತ್ತಿದ್ದೆ, ಇದ್ದರೆ ಇಲ್ಲಿಡಿ, ನಾನು ಬೈಯುವುದಿಲ್ಲ, ನಿಮ್ಮ ಹೆಸರು ಕಟ್ಟಿ ಇಡುತ್ತೇನೆ, ಇಳಿಯುವಾಗ ನಿಮ್ಮದು ನಿಮಗೆ. ಮೊದಮೊದಲು ನಕ್ಕರು. ಆಮೇಲೆ ಒಬ್ಬ ಕೊಟ್ಟ. ಅವನಿಗೆ ಅದೇ ಬಾಟಲಿ ಅದೇ ಅಳತೆಯಲ್ಲಿ ವಾಪಸ್ ಸಿಕ್ಕಿದ್ದನ್ನು ನೋಡಿ ಇನ್ನೊಬ್ಬ ಕೊಟ್ಟ. ಕೆಲವು ಸಲ ಕ್ರೇಟ್ ತುಂಬಿಹೋಗುತ್ತಿತ್ತು, ಪಕ್ಕದಲ್ಲಿ ಚೀಲ ಇಡುತ್ತಿದ್ದೆ. ಹೆಸರಿನ ಚೀಟಿಯನ್ನು ನಾನು ಅರಿಶಿನ ದಾರದಲ್ಲೇ ಕಟ್ಟುತ್ತಿದ್ದೆ. ಗಂಗಾಧರಣ್ಣನೇ ಶೆಡ್ಡಿನಲ್ಲಿ ಕೂತು ದಾರ ಕತ್ತರಿಸಿ ಕೊಡುತ್ತಿದ್ದ. ನಾನು ಕೆಲಸ ಬಿಡುವವರೆಗೆ ನನ್ನ ಬಸ್ಸಿನಲ್ಲಿ ಇನ್ನೊಂದು ಹೊಡೆದಾಟ ಆಗಲಿಲ್ಲ. ಬಾಗಿಲಲ್ಲಿ ನಿಲ್ಲುವವನಿಗೆ ಮನುಷ್ಯನ ಮಾನ ತೆಗೆಯದೆ ಅವನ ಕೈಯಿಂದ ಇಸಿದುಕೊಳ್ಳುವುದು ಗೊತ್ತಿರಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅದು. ಕಲಿಸಿದ ಫೀಸು ಮಾತ್ರ ನನ್ನ ಬೀಗ ಕಟ್ಟಿದ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ಶೋಭಾ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು, ನನ್ನ ಹೆಂಡತಿ ಒಬ್ಬಟ್ಟು ತಟ್ಟುತ್ತಿದ್ದಳು. ಅವರೆಕಾಳು ಸಾರಿನ ಘಮ ಬೀದಿಗೆ ಹೋಗಿತ್ತು. ಮಹೇಶ ಹಿರೇಹಳ್ಳಿಯಿಂದ ಬೇಗ ಬಂದ. ಗಂಗಾಧರಣ್ಣ ಹೊಸ ಶರ್ಟು ಹಾಕಿಕೊಂಡು ಮಧ್ಯಾಹ್ನವೇ ಬಂದು ಕೂತಿದ್ದ. ಕೊನೆಗೆ ಕುಣಿಗಲ್‌ನಿಂದ ನನ್ನ ಮಗಳು, ಅಳಿಯ ಪ್ರಕಾಶ ಬಂದರು. ಪ್ರಕಾಶನ ಬಗಲಲ್ಲಿ ಪೇಪರ್ ಸುತ್ತಿದ ಏನೋ ಉದ್ದಗೆ ಇತ್ತು.

ನಯನ ಬಾಗಿಲಲ್ಲಿ ಅಡ್ಡ ನಿಂತಳು. “ಏನ್ ಮಾವ ಅದು?”

“ವೈನ್ ಕಣಮ್ಮ. ನೀನು ಹಡಗಿಗೆ ಹೋಗ್ತಿದೀಯಲ್ಲ, ಅಭ್ಯಾಸ ಇರ್ಲಿ ಅಂತ,” ಅಂದ ಅವನು. ನನ್ನನ್ನೂ ಗಂಗಾಧರಣ್ಣನನ್ನೂ ನೋಡಿ ಸ್ವಲ್ಪ ಕುಗ್ಗಿದ.

ಹುಡುಗಿ ನಗುತ್ತಲೇ ಕೈ ಚಾಚಿದಳು. ಅವನು ಕೊಟ್ಟ. ದೇವರ ಮನೆಯಿಂದ ಅರಿಶಿನ ದಾರ ತಂದು ಬಾಟಲಿಯ ಕುತ್ತಿಗೆಗೆ ಸುತ್ತಿ, ಕ್ಯಾಲೆಂಡರಿನ ಹಾಳೆ ಹರಿದು ಪ್ರಕಾಶ ಮಾವ ಅಂತ ಬರೆದು ಕಟ್ಟಿ, ಟಿ.ವಿ. ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. “ಇಳ್ಯೋವಾಗ ಕೊಡ್ತೀನಿ ಮಾವ,” ಅಂದಳು. ಗಂಗಾಧರಣ್ಣ ಬಾಯಲ್ಲಿ ಉಳಿದ ಹಲ್ಲೆಲ್ಲ ಕಾಣುವ ಹಾಗೆ ನಕ್ಕ. ಅವನು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತೆವು. ನಯನ ತಾತಂದಿರಿಬ್ಬರ ನಡುವೆ ಕೂತಳು. ಬಿಸಿ ಮುದ್ದೆ ತಟ್ಟೆಗೆ ಬಿತ್ತು, ಸಾರು ಬಿತ್ತು, ತುಪ್ಪ ಬಿತ್ತು. ಯಾರೂ ಕೈ ಹಾಕಲಿಲ್ಲ, ಗಂಗಾಧರಣ್ಣ ತನ್ನ ಮಡಚದ ಎರಡು ಬೆರಳನ್ನು ತಟ್ಟೆಯ ಮೇಲೆ ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ.

“ಇನ್ನೂ ಯಾಕೆ ಕಾಯ್ತಿದೀಯ ತಾತ?” ಅಂದಳು ನಯನ.

“ಕಂಡಕ್ಟ್ರು ಹೇಳ್ಬೇಕಲ್ಲವ್ವ,” ಅಂದ.

ನಾನು ಒಂದು ಸಲ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲರೂ ಹತ್ತಿದ್ದರು. ರೈಟ್ ಅಂದೆ. ಎಲ್ಲರೂ ಮುದ್ದೆ ಮುರಿದರು.